ಮಾರ್ಕು, ಬ್ಲಾಕು, ಸ್ಟ್ಯಾಂಡರ್ಡು: ಫೈಟರ್ ಜೆಟ್ಟಿನ ವೇರಿಯಂಟ್ ಮತ್ತು ಅಪ್‌ಗ್ರೇಡ್ ಅರ್ಥ ಮಾಡ್ಕೊಳ್ಳೋದು ಹೇಗೆ

ನಮ್ಮ ಹೊಸೂರು ಕಡೆ ವಿಮಾನದ ಮಾತು ಟೀ ಅಂಗಡೀಲೂ ಬರತ್ತೆ. ಅತ್ತಿಬೆಲೆ ದಾಟಿದ್ರೆ ಬೆಂಗ್ಳೂರು, ಅಲ್ಲಿ ಎಚ್‌ಎಎಲ್, ಇತ್ಲಾಗೆ ಬೆಳಗೊಂಡಪಲ್ಲೀಲಿ ತನೇಜಾದವರ ರನ್‌ವೇ, ಊರ ತುಂಬ ಸಿಎನ್‌ಸಿ ಶಾಪು, ಅದರ ಮೇಲೆ ತಳಿ, ದೇನ್ಕನಿಕೋಟೆ ಕಡೆಯಿಂದ ಬಂದು ಏರ್‌ಫೋರ್ಸ್ ಪರೀಕ್ಷೆಗೆ ಓದ್ತಿರೋ ಹುಡುಗರು ಹುಡುಗೀರು ಬೇರೆ. ಇವರಲ್ಲಿ ಜಾಸ್ತಿ ಜನ ಸಿಕ್ಕಿ ಹಾಕ್ಕೊಳ್ಳೋದು ಒಂದೇ ಜಾಗದಲ್ಲಿ. ತಮಿಳು ಚಾನೆಲ್‌ನಲ್ಲಿ ತೇಜಸ್ 40 ಅಂತಾರೆ, ಕನ್ನಡ ಪೇಪರ್‌ನಲ್ಲಿ 83 ಅಂತ ಬರತ್ತೆ, ಇನ್ನೊಬ್ಬ ಬಂದು 180 ಅಂತಾನೆ, ಮೂವರೂ ಜಗಳ ಆಡ್ತಾರೆ, ಆದರೆ ಮೂರು ಸಂಖ್ಯೆನೂ ಸರಿನೇ. 40 ಅನ್ನೋದು ಮೊದಲ ಎರಡು ಆರ್ಡರ್, 83 ಅನ್ನೋದು 2021ರ ಮಾರ್ಕ್-1ಎ ಆರ್ಡರ್, ಅದಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಸೈನ್ ಆದ 97 ಸೇರಿಸಿದ್ರೆ 180. ಇವುಗಳಲ್ಲಿ ಯಾವುದೂ ಇವತ್ತು ಸ್ಕ್ವಾಡ್ರನ್‌ನಲ್ಲಿ ನಿಂತಿರೋ ವಿಮಾನದ ಲೆಕ್ಕ ಅಲ್ಲ ಅನ್ನೋದನ್ನ ಮಾತ್ರ ಯಾರೂ ಹೇಳಲ್ಲ.

ಇದನ್ನ ಬಿಡಿಸಿ ನೋಡೋ ಕ್ರಮ ಒಂದಿದೆ, ಅದನ್ನೇ ಇಲ್ಲಿ ಬರೀತಿದೀನಿ. ಮುಖ್ಯವಾದ ಮಾತು ಮೊದಲೇ ಹೇಳಿಬಿಡ್ತೀನಿ: ವಿಮಾನದ ಹೆಸರು ನೋಡಿ ಯಾವತ್ತೂ ತೀರ್ಮಾನ ಮಾಡ್ಬೇಡಿ, ಆ ಒಂದು ವಿಮಾನ ಫ್ಯಾಕ್ಟರಿಯಿಂದ ಹೊರಗೆ ಬಂದಾಗ ಹೇಗಿತ್ತು, ಆಮೇಲೆ ಅದಕ್ಕೆ ಏನೇನು ಮಾಡಿದ್ರು, ಈ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿ. ಮೊದಲನೇದು ವೇರಿಯಂಟು, ಎರಡನೇದು ಅಪ್‌ಗ್ರೇಡು. ನ್ಯೂಸ್‌ನಲ್ಲಿ ಎರಡನ್ನೂ ಒಂದೇ ಚೀಲಕ್ಕೆ ಹಾಕಿ ಕೊಡ್ತಾರೆ, ನೀವು ಬಿಡಿಸ್ಕೋಬೇಕು.

ಮಷಿನ್ ಶಾಪಲ್ಲಿ ಕೆಲಸ ಮಾಡಿರೋರಿಗೆ ಇದು ಬೇಗ ಹತ್ತತ್ತೆ. ಡ್ರಾಯಿಂಗ್ ಮೂಲೇಲಿ ರಿವಿಷನ್ ಅಂತ ಒಂದು ಅಕ್ಷರ ಇರತ್ತಲ್ಲ, ಪಾರ್ಟ್ ನಂಬರ್ ಒಂದೇ, ರಿವಿಷನ್ ಬಿ ಇದ್ದಿದ್ದು ಸಿ ಆಯ್ತು, ಕಣ್ಣಿಗೆ ಎರಡೂ ಒಂದೇ ಥರ ಕಾಣತ್ತೆ ಆದರೆ ಒಂದು ತೂತು ಅರ್ಧ ಎಂಎಂ ಪಕ್ಕಕ್ಕೆ ಹೋಗಿರತ್ತೆ, ಹಳೇ ಪೀಸನ್ನ ರೀವರ್ಕ್ ಮಾಡಿ ಸಿ ಮಾಡಬಹುದಾ ಇಲ್ಲ ಹೊಸದಾಗೇ ಮಾಡ್ಬೇಕಾ ಅನ್ನೋದೇ ದೊಡ್ಡ ಪ್ರಶ್ನೆ. ಫೈಟರ್ ಜೆಟ್‌ನಲ್ಲೂ ಇಷ್ಟೇ ನೋಡಿ, ಕೆಲವು ಬದಲಾವಣೆ ಹಳೇ ವಿಮಾನಕ್ಕೂ ಮಾಡಬಹುದು, ಕೆಲವು ಹುಟ್ಟುವಾಗಲೇ ಮಾಡಿದ್ರೆ ಮಾತ್ರ ಆಗತ್ತೆ.

ಮೊದಲು ತೇಜಸ್ ಇಟ್ಕೊಂಡೇ ಕಲೀರಿ, ಯಾಕಂದ್ರೆ ಇದರಲ್ಲಿ ಎಲ್ಲಾ ಹಂತನೂ ಕಣ್ಣ ಮುಂದೆ ಆಗಿದೆ, ಅದೂ ಪಕ್ಕದೂರಲ್ಲೇ.

2001ರ ಜನವರಿ 4ಕ್ಕೆ ಬೆಂಗ್ಳೂರಲ್ಲಿ ಹಾರಿದ್ದು ಟಿಡಿ-1, ಅಂದ್ರೆ ಟೆಕ್ನಾಲಜಿ ಡೆಮಾನ್‌ಸ್ಟ್ರೇಟರ್. ಇದು ಯುದ್ಧಕ್ಕೆ ಮಾಡಿದ್ದಲ್ಲ, ಈ ಆಕಾರ, ಈ ಫ್ಲೈ-ಬೈ-ವೈರ್ (ಪೈಲಟ್ ಕೊಟ್ಟ ಸೂಚನೆನ ಕಂಪ್ಯೂಟರ್ ಮೂಲಕ ರೆಕ್ಕೆ ಬಾಲಕ್ಕೆ ಮುಟ್ಟಿಸೋ ವ್ಯವಸ್ಥೆ) ಕೆಲಸ ಮಾಡತ್ತಾ ಅಂತ ನೋಡೋಕೆ ಮಾಡಿದ್ದು. ಅದಾದ್ಮೇಲೆ ಪಿವಿ ಅಂತ ಪ್ರೋಟೋಟೈಪ್‌ಗಳು, ಆಮೇಲೆ 2007ರಿಂದ ಎಲ್‌ಎಸ್‌ಪಿ, ಅಂದ್ರೆ ಕಡಿಮೆ ಸಂಖ್ಯೇಲಿ ಮಾಡಿದ ವಿಮಾನಗಳು, ಇವೂ ಹೆಚ್ಚು ಕಮ್ಮಿ ಟೆಸ್ಟಿಂಗಿಗೇ ಹೋದವು. ಅದಾದ್ಮೇಲೆ ಬರೋದು ಎಸ್‌ಪಿ, ಸೀರೀಸ್ ಪ್ರೊಡಕ್ಷನ್, ಇದೇ ಏರ್‌ಫೋರ್ಸ್ ಕೈಗೆ ಹೋಗೋದು. ಮೊದಲನೇ ಎಸ್‌ಪಿ ವಿಮಾನ 2015ರ ಜನವರಿಯಲ್ಲಿ ಹಸ್ತಾಂತರ ಆಯ್ತು, 2016ರ ಜುಲೈ 1ಕ್ಕೆ 45ನೇ ಸ್ಕ್ವಾಡ್ರನ್ ಬೆಂಗ್ಳೂರಲ್ಲಿ ಶುರುವಾಯ್ತು, 2018ರಲ್ಲಿ ನಮ್ಮ ರಾಜ್ಯದ ಸೂಲೂರಿಗೆ ಹೋಯ್ತು, ಕೊಯಮತ್ತೂರು ಪಕ್ಕ. ಹಂಗಾಗಿ ಯಾರಾದ್ರೂ ತೇಜಸ್ ಫೋಟೋ ತೋರಿಸಿದ್ರೆ ಮೊದಲು ಕೇಳಬೇಕಾದ್ದು ಇದು ಟೆಸ್ಟ್ ವಿಮಾನನಾ, ಸ್ಕ್ವಾಡ್ರನ್ ವಿಮಾನನಾ ಅಂತ. ಏರ್ ಶೋ ಫೋಟೋಗಳಲ್ಲಿ ಅರ್ಧಕ್ಕರ್ಧ ಟೆಸ್ಟ್ ವಿಮಾನಗಳೇ ಇರ್ತವೆ, ಅದರ ಮೇಲೆ ಹೊಸ ರೇಡಾರು, ಪಾಡು (ವಿಮಾನದ ಕೆಳಗೆ ತೂಗು ಹಾಕೋ ಉಪಕರಣದ ಡಬ್ಬ) ಎಲ್ಲಾ ಇರತ್ತೆ, ಅದನ್ನ ನೋಡಿ ಇಡೀ ಸ್ಕ್ವಾಡ್ರನ್‌ಗೆ ಅದು ಬಂದಿದೆ ಅಂದ್ಕೋಬಾರದು.

ಈಗ ಐಒಸಿ, ಎಫ್‌ಒಸಿ. ಇವು ನಿಜಕ್ಕೂ ವಿಮಾನದ ಹೆಸರೇ ಅಲ್ಲ, ಸರ್ಟಿಫಿಕೇಟು. ಐಒಸಿ ಅಂದ್ರೆ ಇಷ್ಟು ವೇಗ, ಇಷ್ಟು ಜಿ, ಈ ಈ ಆಯುಧದ ತನಕ ಹಾರಿಸಬಹುದು ಅಂತ ಮೊದಲ ಒಪ್ಪಿಗೆ, ಎಫ್‌ಒಸಿ ಅಂದ್ರೆ ಕೊನೇ ಒಪ್ಪಿಗೆ. ತೇಜಸ್‌ಗೆ ಐಒಸಿ-2 ಸಿಕ್ಕಿದ್ದು 2013ರ ಡಿಸೆಂಬರ್‌ನಲ್ಲಿ, ಎಫ್‌ಒಸಿ 2019ರ ಫೆಬ್ರವರಿಯಲ್ಲಿ. ಆದರೆ ಆರ್ಡರ್ ಕೊಡುವಾಗಲೇ 20 ಐಒಸಿ ಮಟ್ಟದ್ದು, 20 ಎಫ್‌ಒಸಿ ಮಟ್ಟದ್ದು ಅಂತ ಕೊಟ್ಟಿದ್ರಿಂದ ಜನರ ಬಾಯಲ್ಲಿ ಅದೇ ವೇರಿಯಂಟ್ ಹೆಸರಾಗ್ಹೋಯ್ತು. ಆ 40ರಲ್ಲಿ 32 ಒಂದೇ ಸೀಟಿನವು, 8 ಎರಡು ಸೀಟಿನ ಟ್ರೈನರು. ಐಒಸಿ, ಎಫ್‌ಒಸಿ ಎರಡನ್ನ ಗುರುತು ಹಿಡಿಯೋಕೆ ಸುಲಭ ದಾರಿ ಮೂತಿ ಪಕ್ಕ ನೋಡೋದು, ಗಾಳೀಲೇ ಇಂಧನ ತುಂಬಿಸ್ಕೊಳ್ಳೋ ಕೊಳವೆ ಕೊಂಬಿನ ಥರ ಚಾಚ್ಕೊಂಡಿದ್ರೆ ಎಫ್‌ಒಸಿ ಮಟ್ಟದ್ದು, ಇಲ್ಲದಿದ್ರೆ ಐಒಸಿದು. 18ನೇ ಸ್ಕ್ವಾಡ್ರನ್ 2020ರ ಮೇ 27ಕ್ಕೆ ಸೂಲೂರಲ್ಲೇ ಶುರುವಾಗಿದ್ದು ಎಫ್‌ಒಸಿ ವಿಮಾನದಿಂದ.

ಮಾರ್ಕ್-1ಎ ಅಂದಾಗ ಜನ ಹೊಸ ವಿಮಾನ ಅಂದ್ಕೋತಾರೆ. ಹಂಗಲ್ಲ. ರೆಕ್ಕೆ ಅದೇ, ಎಂಜಿನ್ ಅದೇ ಎಫ್404-ಐಎನ್20, ಬದಲಾಗಿದ್ದು ಒಳಗಡೆ. ಏಸಾ ರೇಡಾರ್ (ತಟ್ಟೆ ತಿರುಗಿಸದೇ ಎಲೆಕ್ಟ್ರಾನಿಕ್ಸ್‌ನಿಂದಲೇ ಕಿರಣ ತಿರುಗಿಸೋ ರೇಡಾರ್), ಹೊಸ ಎಲೆಕ್ಟ್ರಾನಿಕ್ ವಾರ್‌ಫೇರ್ ಸಿಸ್ಟಮ್, ಶತ್ರು ರೇಡಾರಿಗೆ ಅಡ್ಡಿ ಮಾಡೋಕೆ ಹೊರಗೆ ತೂಗು ಹಾಕೋ ಜಾಮರ್ ಪಾಡ್, ಹೊಸ ಫ್ಲೈಟ್ ಕಂಟ್ರೋಲ್ ಕಂಪ್ಯೂಟರ್, ಅದರ ಜೊತೆ ಮೆಂಟೆನೆನ್ಸ್‌ಗೆ ಕೈ ಹಾಕೋ ಜಾಗಗಳನ್ನ ಸರಿ ಮಾಡಿರೋದು. ಈ ಕೊನೇದನ್ನ ಯಾರೂ ಸುದ್ದೀಲಿ ಹೇಳಲ್ಲ ಆದರೆ ನನಗೆ ಇದೇ ಬಹಳ ದೊಡ್ಡ ವಿಷಯ ಅನ್ಸತ್ತೆ, ಒಂದು ಡಬ್ಬ ಬಿಚ್ಚೋಕೆ ಇನ್ನೆರಡು ಡಬ್ಬ ಬಿಚ್ಚಬೇಕಾದ್ರೆ ಆ ವಿಮಾನ ದಿನಕ್ಕೆ ಎಷ್ಟು ಸಲ ಹಾರೋಕೆ ಸಾಧ್ಯ ಯೋಚನೆ ಮಾಡಿ. 2021ರ 83ರಲ್ಲಿ 73 ಫೈಟರ್, 10 ಟ್ರೈನರ್. 2025ರ 97ರಲ್ಲಿ 68 ಫೈಟರ್, 29 ಎರಡು ಸೀಟಿನವು. ಮೊದಲನೇ ಮಾರ್ಕ್-1ಎ, ಬಾಲದ ನಂಬರ್ ಎಲ್‌ಎ5033, ಬೆಂಗ್ಳೂರಲ್ಲಿ ಹಾರಿದ್ದು 2024ರ ಮಾರ್ಚ್ 28ಕ್ಕೆ, ನಾಸಿಕ್‌ನ ಹೊಸ ಲೈನಿಂದ ಮೊದಲನೇದು ಹಾರಿದ್ದು 2025ರ ಅಕ್ಟೋಬರ್ 17ಕ್ಕೆ. ಈ ಬಾಲದ ನಂಬರ್ ಅಭ್ಯಾಸ ಮಾಡ್ಕೊಳ್ಳಿ. ಎಲ್‌ಎ5001ರಿಂದ ಶುರುವಾಗಿ ಮೊದಲ 16 ಐಒಸಿ, ಮುಂದಿನ 16 ಎಫ್‌ಒಸಿ, ಅಲ್ಲಿಂದಾಚೆ 1ಎ. ಎಲ್‌ಟಿ ಅಂತ ಇದ್ರೆ ಎರಡು ಸೀಟು.

ಮಾರ್ಕ್-2 ಮಾತ್ರ ಬೇರೇನೇ ವಿಮಾನ. ಎಂಜಿನ್ ಎಫ್414, ಅದರ ತಳ್ಳುವ ಶಕ್ತಿ 98 ಕಿಲೋನ್ಯೂಟನ್, ಈಗಿನ ಎಫ್404ದು 84ರ ಆಸುಪಾಸು. ಮುಂದೆ ಕ್ಯಾನಾರ್ಡ್ ಅಂತ ಪುಟ್ಟ ರೆಕ್ಕೆ, ಉದ್ದ ಜಾಸ್ತಿ, ತೂಕ ಜಾಸ್ತಿ. ಮಾರ್ಕ್-1ನ ಬಿಚ್ಚಿ ಮಾರ್ಕ್-2 ಮಾಡೋಕಾಗಲ್ಲ. ಅಂದ್ರೆ ನೋಡಿ, ಹೆಸರಲ್ಲಿ 1ರಿಂದ 1ಎಗೆ ಹೋಗೋದು ಒಂದು ಅಕ್ಷರದ ದೂರ, 1ರಿಂದ 2ಕ್ಕೆ ಹೋಗೋದು ಒಂದು ಅಂಕಿಯ ದೂರ, ಕೆಲಸದಲ್ಲಿ ಆಕಾಶ ಭೂಮಿ ವ್ಯತ್ಯಾಸ.

ನೇವಿ ತೇಜಸ್ ಬಗ್ಗೆ ಕೇಳೋರಿಗೆ ಒಂದೇ ಮಾತು, ಅದು 2020ರ ಜನವರಿ 11ಕ್ಕೆ ವಿಮಾನ ಹೊರೋ ಹಡಗು ವಿಕ್ರಮಾದಿತ್ಯದ ಮೇಲೆ ಇಳೀತು, ಬಹಳ ಹೆಮ್ಮೆಯ ದಿನ ಅದು, ಆದರೆ ಅದು ಪ್ರೋಟೋಟೈಪು, ಪ್ರೊಡಕ್ಷನ್‌ಗೆ ಹೋಗಲಿಲ್ಲ. ಪ್ರೋಟೋಟೈಪ್ ಮಾಡಿದ ಸಾಧನೆನ ಸ್ಕ್ವಾಡ್ರನ್ ಲೆಕ್ಕಕ್ಕೆ ಸೇರಿಸಬೇಡಿ, ಎರಡನ್ನೂ ಬೇರೆ ಕಾಲಮ್‌ನಲ್ಲಿ ಬರ್ಕೊಳ್ಳಿ.

ಇಷ್ಟಾದ್ಮೇಲೆ ಎಫ್-16ಗೆ ಬನ್ನಿ, ಬ್ಲಾಕ್ ಅನ್ನೋ ಪದ್ಧತಿ ಅರ್ಥ ಆಗೋಕೆ ಇದಕ್ಕಿಂತ ಒಳ್ಳೇ ವಿಮಾನ ಇಲ್ಲ. 4,500ಕ್ಕಿಂತ ಜಾಸ್ತಿ ಮಾಡಿದಾರೆ, ಅರ್ಧ ಶತಮಾನ ಆಯ್ತು, ಇನ್ನೂ ಲೈನ್ ನಿಂತಿಲ್ಲ. ಅಕ್ಷರ ಮೊದಲು ನೋಡಿ: ಎ ಮತ್ತು ಸಿ ಅಂದ್ರೆ ಒಂದು ಸೀಟು, ಬಿ ಮತ್ತು ಡಿ ಅಂದ್ರೆ ಎರಡು ಸೀಟು. ಎ/ಬಿ ಹಳೇ ತಲೆಮಾರು, 1984ರಿಂದ ಬಂದ ಸಿ/ಡಿ ಮುಂದಿನ ತಲೆಮಾರು. ಅಕ್ಷರದಿಂದ ಇಷ್ಟೇ ಗೊತ್ತಾಗೋದು, ಬಾಕಿ ಎಲ್ಲಾ ಬ್ಲಾಕ್ ನಂಬರಲ್ಲಿ ಅಡಗಿದೆ. ಬ್ಲಾಕ್ 1, 5, 10 ಮೊದಮೊದಲ ಬ್ಯಾಚ್‌ಗಳು. ಬ್ಲಾಕ್ 15ರಲ್ಲಿ ಹಿಂದಿನ ಅಡ್ಡ ಬಾಲ ಸುಮಾರು 30 ಪರ್ಸೆಂಟ್ ದೊಡ್ಡದಾಯ್ತು, ಯಾಕಂದ್ರೆ ಮುಂದೆ ತೂಕ ಸೇರ್ತಾ ಹೋದಂಗೆ ವಿಮಾನದ ಸಮತೋಲ ತಪ್ಪತ್ತೆ, ಅದನ್ನ ಹಿಡಿಯೋಕೆ ಬಾಲಕ್ಕೆ ಬಲ ಬೇಕು. ಪಾಕಿಸ್ತಾನಕ್ಕೆ 1983ರಿಂದ ಬಂದಿದ್ದು ಈ ಬ್ಲಾಕ್ 15 ಎ/ಬಿ. 2010ರಿಂದ ಬಂದಿದ್ದು ಬ್ಲಾಕ್ 52. "ಪಾಕಿಸ್ತಾನದ ಎಫ್-16" ಅಂತ ಒಂದೇ ಉಸಿರಲ್ಲಿ ಹೇಳಿದ್ರೆ ಎರಡು ತಲೆಮಾರನ್ನ ಕಲಸಿದಂಗೆ.

ಬ್ಲಾಕ್ 30ರಿಂದ ಒಂದು ಜಾಣ ಪದ್ಧತಿ ಶುರುವಾಯ್ತು, ಎರಡು ಕಂಪನಿಯ ಎಂಜಿನ್ ಹಾಕೋಕೆ ಜಾಗ ಮಾಡಿದ್ರು. ನಂಬರ್ ಸೊನ್ನೇಲಿ ಮುಗಿದ್ರೆ ಜನರಲ್ ಎಲೆಕ್ಟ್ರಿಕ್ ಎಂಜಿನ್ನು, ಎರಡರಲ್ಲಿ ಮುಗಿದ್ರೆ ಪ್ರಾಟ್ ಅಂಡ್ ವಿಟ್ನಿ. 30 ಮತ್ತು 32, 40 ಮತ್ತು 42, 50 ಮತ್ತು 52, 70 ಮತ್ತು 72. ಇದು ಗೊತ್ತಿದ್ರೆ ಬ್ಲಾಕ್ 52 ಅನ್ನೋದು ಬ್ಲಾಕ್ 50ಕ್ಕಿಂತ ಎರಡು ಮೆಟ್ಟಿಲು ಮೇಲೆ ಅಂತ ಯಾರಾದ್ರೂ ಹೇಳಿದ್ರೆ ತಕ್ಷಣ ತಿದ್ದಬಹುದು, ಅವೆರಡೂ ಒಂದೇ ಮೆಟ್ಟಿಲು, ಎಂಜಿನ್ ಮಾತ್ರ ಬೇರೆ.

ಇಲ್ಲೇ ಅಪ್‌ಗ್ರೇಡ್ ಬಂದು ಕೂತ್ಕೊಳ್ಳೋದು. ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಡೆನ್ಮಾರ್ಕ್, ನಾರ್ವೆ ಇವರೆಲ್ಲ ತಮ್ಮ ಹಳೇ ಎ/ಬಿಗಳಿಗೆ ಮಿಡ್-ಲೈಫ್ ಅಪ್‌ಡೇಟ್ ಮಾಡಿಸಿದ್ರು, ಹೊಸ ಕಂಪ್ಯೂಟರ್, ಸುಧಾರಿಸಿದ ರೇಡಾರ್, ಕಲರ್ ಸ್ಕ್ರೀನ್, ಹೆಸರು ಎಎಂ, ಬಿಎಂ ಆಯ್ತು. ಒಳಗಿನ ಎಲೆಕ್ಟ್ರಾನಿಕ್ಸ್ ಲೆಕ್ಕದಲ್ಲಿ ಬ್ಲಾಕ್ 50ರ ಹತ್ತಿರಕ್ಕೆ ಬಂದವು, ಆದರೆ ಮೈ ಹಳೇ ಬ್ಲಾಕ್‌ದೇ, ಎಂಜಿನ್ ಕೂಡ ಹಳೇದೇ. 2024ರಲ್ಲಿ ಯುಕ್ರೇನ್‌ಗೆ ಸಿಕ್ಕಿದ್ದು ಇಂಥವೇ. ಕಾಕ್‌ಪಿಟ್ ಗಾಜಿನ ಮುಂದೆ ನಾಲ್ಕು ಪುಟ್ಟ ಬ್ಲೇಡ್ ಥರದ ಆಂಟೆನಾ ಸಾಲಾಗಿ ನಿಂತಿರೋದು ಇವುಗಳ ಒಂದು ಗುರುತು. ಹಂಗೇ ಎಫ್-16ವಿ ಅಂತ ಒಂದಿದೆ, ಹಳೇ ವಿಮಾನಕ್ಕೆ ಏಸಾ ರೇಡಾರ್ ಹಾಕಿ ಮಾಡೋ ಅಪ್‌ಗ್ರೇಡು, ತೈವಾನ್ ತನ್ನ ಹಳೇವನ್ನ ಹಂಗೇ ಮಾಡಿಸ್ತು. ಅದೇ ಎಲೆಕ್ಟ್ರಾನಿಕ್ಸ್ ಹೊಸ ಮೈಗೆ ಹಾಕಿ ಫ್ಯಾಕ್ಟರಿಯಿಂದಲೇ ಬಂದ್ರೆ ಅದು ಬ್ಲಾಕ್ 70/72, ಅದರ ಮೈ 12,000 ಗಂಟೆ ಹಾರೋಕೆ ಅಂತ ಡಿಸೈನ್ ಮಾಡಿದ್ದು. ರೇಡಾರ್ ಒಂದೇ, ಸ್ಕ್ರೀನ್ ಒಂದೇ, ಉಳಿದಿರೋ ಆಯಸ್ಸು ಬೇರೆ. ಅಪ್‌ಗ್ರೇಡ್ ಸುದ್ದಿ ಓದುವಾಗ ಈ ಆಯಸ್ಸಿನ ಪ್ರಶ್ನೆ ಕೇಳದೇ ಬಿಡಬೇಡಿ, ರೆಕ್ಕೆ ಬುಡದ ಲೋಹಕ್ಕೆ ಹೊಸ ಸಾಫ್ಟ್‌ವೇರ್‌ನಿಂದ ವಯಸ್ಸು ಇಳಿಯಲ್ಲ.

ಹಾಗಾದ್ರೆ ಹಳೇ ವಿಮಾನಕ್ಕೆ ಏನು ಹಾಕಬಹುದು, ಏನು ಹಾಕೋಕಾಗಲ್ಲ? ಇದನ್ನ ನಾಲ್ಕು ಕಡೆಯಿಂದ ನೋಡಿ. ಜಾಗ, ತೂಕ, ಕರೆಂಟು, ತಂಪು. ರೇಡಾರ್ ದೊಡ್ಡದು ಬೇಕಂದ್ರೆ ಮೂತಿ ದೊಡ್ಡದಿರ್ಬೇಕು, ಮೂತಿ ಫ್ಯಾಕ್ಟರೀಲಿ ನಿರ್ಧಾರ ಆಗ್ಹೋಗಿರತ್ತೆ. ಮುಂದೆ ತೂಕ ಹಾಕಿದ್ರೆ ಹಿಂದೆ ಸರಿದೂಗಿಸ್ಬೇಕು. ಏಸಾ ರೇಡಾರ್, ಜಾಮರ್ ಇವೆಲ್ಲ ಕರೆಂಟ್ ಜಾಸ್ತಿ ಎಳೀತವೆ, ಜನರೇಟರ್ ತಡ್ಕೋಬೇಕು, ಅಷ್ಟೂ ಕರೆಂಟು ಬಿಸಿಯಾಗಿ ಹೊರಗೆ ಬರತ್ತೆ, ಆ ಬಿಸಿನ ತೆಗೆಯೋ ಕೂಲಿಂಗ್ ಬೇಕು. ನಮ್ಮೂರಲ್ಲಿ ಪ್ಯಾನೆಲ್ ಬೋರ್ಡ್ ಕೆಲಸ ಮಾಡೋರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಎಷ್ಟೋ ಅಪ್‌ಗ್ರೇಡ್ ತಡ ಆಗೋದು, ನಿಂತು ಹೋಗೋದು ಕ್ಷಿಪಣಿ ಇಲ್ಲ ಅಂತಲ್ಲ, ಈ ನಾಲ್ಕರಲ್ಲಿ ಒಂದು ಕೈ ಕೊಡ್ತು ಅಂತ.

ಎಂಜಿನ್ ವಿಷಯ ಇನ್ನೂ ಕಷ್ಟ, ಇದಕ್ಕೆ ನಮ್ಮದೇ ಎರಡು ಉದಾಹರಣೆ ಇದೆ. ಜಾಗ್ವಾರ್ ನಮಗೆ 1979ರಲ್ಲಿ ಬಂತು, ಡಾರಿನ್ ಅನ್ನೋ ಹೆಸರಿನ ನ್ಯಾವಿಗೇಷನ್ ಮತ್ತು ದಾಳಿ ಸಿಸ್ಟಮ್ ನಮ್ಮವರೇ ಸೇರಿಸಿದ್ರು, ಆಮೇಲೆ ಡಾರಿನ್-2, ಆಮೇಲೆ ಡಾರಿನ್-3. ಈ ಮೂರನೇದಕ್ಕೆ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ, ಅದರಲ್ಲಿ ಏಸಾ ರೇಡಾರ್ ಕೂಡ ಇದೆ. ಎಲೆಕ್ಟ್ರಾನಿಕ್ಸ್ ಲೆಕ್ಕದಲ್ಲಿ ಬಹಳ ಚೆನ್ನಾಗಿರೋ ವಿಮಾನ ಆಯ್ತು, ಆದರೆ ಎಂಜಿನ್ ಹಳೇ ಅಡೂರ್. ಹೊಸ ಹನಿವೆಲ್ ಎಂಜಿನ್ ಹಾಕೋ ಯೋಜನೆ ವರ್ಷಗಟ್ಲೆ ನಡೀತು, ಖರ್ಚು ಜಾಸ್ತಿ ಅಂತ 2019ರಲ್ಲಿ ಕೈ ಬಿಟ್ರು. ಅದಕ್ಕಿಂತ ಹಳೇ ನೋವು ಮಾರುತ್‌ದು. ಕುರ್ಟ್ ಟ್ಯಾಂಕ್ ಅನ್ನೋ ಜರ್ಮನ್ ಎಂಜಿನಿಯರ್ ಮುಂದಾಳತ್ವದಲ್ಲಿ ಬೆಂಗ್ಳೂರಲ್ಲಿ ಡಿಸೈನ್ ಆದ ಎಚ್‌ಎಫ್-24, 1961ರ ಜೂನ್ 17ಕ್ಕೆ ಹಾರಿತು. ಅದರ ಮೈಗೆ ತಕ್ಕ ಎಂಜಿನ್ ಕೊನೇವರೆಗೂ ಸಿಗಲಿಲ್ಲ, ಕಡಿಮೆ ಶಕ್ತಿಯ ಆರ್ಫಿಯಸ್‌ನಲ್ಲೇ ಪ್ರೊಡಕ್ಷನ್ ಆಯ್ತು, 147 ಮಾಡಿದ್ರು. ಆಫ್ಟರ್‌ಬರ್ನರ್ (ಎಂಜಿನ್ ಹಿಂದೆ ಇನ್ನಷ್ಟು ಇಂಧನ ಉರಿಸಿ ಶಕ್ತಿ ಹೆಚ್ಚಿಸೋ ಭಾಗ) ಸೇರಿಸಿ ಟೆಸ್ಟ್ ಮಾಡ್ತಿದ್ದ ಮಾರ್ಕ್-1ಆರ್ ವಿಮಾನ 1970ರ ಜನವರಿ 10ಕ್ಕೆ ಬಿದ್ದು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ತೀರಿಕೊಂಡ್ರು. ಬೆಂಗ್ಳೂರಲ್ಲಿ ಎಚ್‌ಎಎಲ್ ಹತ್ತಿರದ ಸುರಂಜನ್‌ದಾಸ್ ರೋಡ್ ಅವರ ಹೆಸರೇ, ಹೊಸೂರಿಂದ ಆ ಕಡೆ ಕೆಲಸಕ್ಕೆ ಹೋಗೋ ಎಷ್ಟೋ ಜನ ದಿನಾ ಅದೇ ರೋಡಲ್ಲಿ ಓಡಾಡ್ತಾರೆ. ಒಂದು ವೇರಿಯಂಟ್ ಹೆಸರಿನ ಕೊನೇ ಅಕ್ಷರದ ಹಿಂದೆ ಒಬ್ಬರ ಜೀವ ಇರತ್ತೆ ಅಂತ ತಿಳ್ಕೊಂಡು ಓದಬೇಕು ಇವನ್ನೆಲ್ಲ.

ಎಂಜಿನ್ ಮುಟ್ಟದೇ ವಿಮಾನದ ಕೆಲಸನೇ ಬದಲಾಯಿಸಿದ್ದಕ್ಕೆ ಅಜೀತ್ ನೋಡಿ. ನ್ಯಾಟ್ ವಿಮಾನದ ರೆಕ್ಕೆ ಒಳಗೇ ಇಂಧನ ತುಂಬೋ ಹಾಗೆ ಎಚ್‌ಎಎಲ್‌ನವರು ಮಾಡಿದ್ರು, 1975ರಲ್ಲಿ ಹಾರಿತು. ರೆಕ್ಕೆ ಕೆಳಗೆ ಇಂಧನದ ಟ್ಯಾಂಕ್ ಹೊರ್ತಿದ್ದ ಜಾಗ ಬಾಂಬಿಗೆ ಖಾಲಿ ಆಯ್ತು.

ಮಿಗ್-21 ಹೆಸರಲ್ಲಿ ಇನ್ನೊಂದು ಪಾಠ ಇದೆ. 1963ರಿಂದ 2025ರ ಸೆಪ್ಟೆಂಬರ್ 26ಕ್ಕೆ ಚಂಡೀಗಡದಲ್ಲಿ ಬೀಳ್ಕೊಡೋವರೆಗೂ ಇತ್ತು, ಆದರೆ ಅದು ಒಂದೇ ವಿಮಾನ ಅಲ್ಲ. ಟೈಪ್ 77 ಅಂತ ಕರೀತಿದ್ದ ಎಫ್‌ಎಲ್‌ನಲ್ಲಿ ಒಳಗೆ ಗನ್ನೇ ಇರಲಿಲ್ಲ, ಕೆಳಗೆ ಪಾಡ್ ಕಟ್ಕೊಂಡು ಹೋಗಬೇಕಿತ್ತು. ಆಮೇಲೆ ಬಂದ ಬಿಸ್‌ನ ಟೈಪ್ ನಂಬರ್ 75, ಅಂದ್ರೆ ಹೊಸದಕ್ಕೆ ಕಡಿಮೆ ನಂಬರು. ನಂಬರ್ ದೊಡ್ಡದಿದ್ರೆ ಹೊಸದು ಅನ್ನೋ ನಂಬಿಕೆ ಇಲ್ಲಿ ಕೆಲಸ ಮಾಡಲ್ಲ. ಬಿಸ್‌ಗಳಲ್ಲಿ 125ನ್ನ ಬೈಸನ್ ಮಟ್ಟಕ್ಕೆ ಏರಿಸಿದ್ರು, ಕೋಪ್ಯೋ ರೇಡಾರ್, ಆರ್-73, ಆರ್-77 ಕ್ಷಿಪಣಿ, ಹೊಸ ಜಾಮರ್. 2019ರ ಫೆಬ್ರವರಿ 27ಕ್ಕೆ ಅಭಿನಂದನ್ ಹಾರಿಸ್ತಿದ್ದಿದ್ದು ಬೈಸನ್. "60 ವರ್ಷದ ಹಳೇ ವಿಮಾನ" ಅಂತ ಆವಾಗ ಎಲ್ಲಾ ಚಾನೆಲ್‌ನಲ್ಲೂ ಹೇಳಿದ್ರು, ಡಿಸೈನ್ ಅಷ್ಟು ಹಳೇದು ನಿಜ, ಆ ವಿಮಾನ ಅಷ್ಟು ಹಳೇದಲ್ಲ, ಅದರೊಳಗಿನ ರೇಡಾರ್ ಇನ್ನೂ ಹೊಸದು. ಡಿಸೈನ್ ವಯಸ್ಸು, ಮೈ ವಯಸ್ಸು, ಒಳಗಿನ ಸಾಮಾನಿನ ವಯಸ್ಸು, ಮೂರನ್ನೂ ಬೇರೆ ಬೇರೆ ಬರ್ಕೊಳ್ಳಿ.

ಸುಖೋಯ್-30ಗೆ ಬಂದ್ರೆ ಒಂದೇ ಹೆಸರಲ್ಲಿ ಎರಡು ಮನೆತನ ಇದೆ. ನಮ್ಮ ಎಂಕೆಐ ಇರ್ಕುಟ್ಸ್ಕ್ ಫ್ಯಾಕ್ಟರಿ ಕಡೆಯದು, ಮುಂದೆ ಕ್ಯಾನಾರ್ಡ್, ಹಿಂದೆ ತಿರುಗೋ ನಳಿಕೆಯ ಎಂಜಿನ್ನು. ಮಲೇಷ್ಯಾದ ಎಂಕೆಎಂ, ಅಲ್ಜೀರಿಯಾದ ಎಂಕೆಎ, ರಷ್ಯಾ ತನಗೇ ಮಾಡ್ಕೊಂಡ ಎಸ್‌ಎಂ, ಎಲ್ಲಾ ಇದೇ ಮನೆತನ, ಭಾರತಕ್ಕೆ ಅಂತ ಮಾಡಿದ್ದೇ ಇವಕ್ಕೆಲ್ಲ ಬುಡ. ಚೀನಾದ ಎಂಕೆಕೆ ಕೊಮ್ಸೊಮೊಲ್ಸ್ಕ್ ಕಡೆಯದು, ಕ್ಯಾನಾರ್ಡ್ ಇಲ್ಲ, ಅದರ ಉದ್ದೇಶನೂ ಒಳಗಿನ ಸಾಮಾನೂ ಬೇರೆ. ಎರಡನ್ನೂ "ಸುಖೋಯ್-30" ಅಂತ ಒಂದೇ ಪಟ್ಟಿಗೆ ಹಾಕಿ ಹೋಲಿಸಿದ್ರೆ ಏನೂ ಗೊತ್ತಾಗಲ್ಲ. ಇನ್ನೊಂದು, ನಮಗೆ 1997ರಲ್ಲಿ ಪುಣೆಗೆ ಮೊದಲು ಬಂದಿದ್ದು ಎಂಕೆಐ ಅಲ್ಲ, ಸುಖೋಯ್-30ಕೆ, ಕ್ಯಾನಾರ್ಡ್ ಇಲ್ಲದ್ದು. ಎಂಕೆಐ ಬಂದಿದ್ದು 2002ರಲ್ಲಿ. ಆ 18 ಕೆಗಳನ್ನ ಎಂಕೆಐ ಮಾಡೋದಕ್ಕಿಂತ ವಾಪಸ್ ಕೊಟ್ಟು ಹೊಸದು ತಗೊಳ್ಳೋದೇ ಸರಿ ಅಂತ ರಷ್ಯಾಕ್ಕೆ ವಾಪಸ್ ಕೊಟ್ರು, ಅದರಲ್ಲಿ 12 ಆಮೇಲೆ ಅಂಗೋಲಾಕ್ಕೆ ಹೋದವು. ಅಪ್‌ಗ್ರೇಡ್ ಮಾಡ್ದೇ ಇರೋ ತೀರ್ಮಾನನೂ ಒಂದು ಎಂಜಿನಿಯರಿಂಗ್ ತೀರ್ಮಾನನೇ.

ಎಂಕೆಐ ಒಳಗೂ ಎಲ್ಲಾ ಒಂದೇ ಅಲ್ಲ. ಗಾಳಿಯಿಂದ ಬಿಡೋ ಬ್ರಹ್ಮೋಸ್ ಕ್ಷಿಪಣಿ ತೂಕ 2.5 ಟನ್, ಅದನ್ನ ಹೊಟ್ಟೆ ಕೆಳಗೆ ಹೊರೋಕೆ ಮೈಯನ್ನೇ ಬಲಪಡಿಸ್ಬೇಕು, ವೈರಿಂಗ್ ಬದಲಾಯಿಸ್ಬೇಕು. ಅದನ್ನ ಮಾಡಿರೋದು ಒಂದು ಪಾಲಿಗೆ ಮಾತ್ರ. ಮೊದಲ ಸಲ ಬಿಟ್ಟಿದ್ದು 2017ರ ನವೆಂಬರ್ 22ಕ್ಕೆ ಬಂಗಾಳ ಕೊಲ್ಲಿ ಮೇಲೆ, 2020ರ ಜನವರಿಯಲ್ಲಿ ತಂಜಾವೂರಲ್ಲಿ 222ನೇ ಸ್ಕ್ವಾಡ್ರನ್ ಈ ವಿಮಾನದ ಜೊತೆ ಶುರುವಾಯ್ತು. "ನಮ್ಮ 272 ಸುಖೋಯ್‌ಗೂ ಬ್ರಹ್ಮೋಸ್ ಇದೆ" ಅನ್ನೋ ಮಾತು ಕೇಳಿದ್ರೆ ಹಂಗಾಗಿ ನಂಬಬೇಡಿ.

ಇನ್ನು ಸಾಫ್ಟ್‌ವೇರ್ ಕಡೆಯ ಅಪ್‌ಗ್ರೇಡಿಗೆ ರಫೇಲ್ ನೋಡಿ. ಅಲ್ಲಿ ಅಕ್ಷರ ಮೈಗೆ, ಎಫ್ ನಂಬರ್ ಮಟ್ಟಕ್ಕೆ. ಸಿ ಅಂದ್ರೆ ಒಂದು ಸೀಟು, ಬಿ ಎರಡು ಸೀಟು, ಎಂ ಹಡಗಿಂದು. ಎಫ್1, ಎಫ್2, ಎಫ್3, 2018ರ ಕೊನೇಲಿ ಒಪ್ಪಿಗೆ ಸಿಕ್ಕ ಎಫ್3-ಆರ್, ಆಮೇಲೆ ಎಫ್4, ಇವು ಸ್ಟ್ಯಾಂಡರ್ಡ್‌ಗಳು. ಫ್ರಾನ್ಸ್ ನೌಕಾಪಡೆಯ ಮೊದಲ 10 ರಫೇಲ್ ಎಫ್1, ಗಾಳೀಲಿ ವಿಮಾನದ ಜೊತೆ ಹೋರಾಡೋಕೆ ಮಾತ್ರ ಬರ್ತಿತ್ತು, ಅವನ್ನ ಆಮೇಲೆ ಎಫ್3 ಮಟ್ಟಕ್ಕೆ ತಂದ್ರು. ಡಿಸೈನ್ ಮಾಡುವಾಗಲೇ ಮುಂದೆ ಏನೇನು ಸೇರಿಸ್ಬೇಕಾಗತ್ತೆ ಅಂತ ಜಾಗ ಬಿಟ್ಟಿದ್ರಿಂದ ಇದು ಸಾಧ್ಯ ಆಯ್ತು. ಯೂರೋಫೈಟರ್‌ನಲ್ಲಿ ಹಂಗಾಗಲಿಲ್ಲ, ಮೊದಲ ಟ್ರಾಂಚಿನ, ಅಂದ್ರೆ ಮೊದಲ ಕಂತಿನ ಹಾರ್ಡ್‌ವೇರ್ ಬೇರೆ ಇದ್ದಿದ್ರಿಂದ ಅವನ್ನ ಮುಂದಿನವುಗಳ ಸಮಕ್ಕೆ ತರೋದು ಕಷ್ಟ ಆಗಿ ಬ್ರಿಟನ್ ಬೇಗನೇ ರಿಟೈರ್ ಮಾಡ್ತು. ನಮ್ಮ 36 ರಫೇಲ್‌ಗಳಲ್ಲಿ ಬಾಲದ ಮೇಲೆ ಬಿಎಸ್ ಅಂತ ಇದ್ರೆ ಒಂದು ಸೀಟು, ಆರ್‌ಬಿ ಅಂತ ಇದ್ರೆ ಎರಡು ಸೀಟು. ಅದರ ಮೇಲೆ ಭಾರತಕ್ಕೆ ಅಂತ 13 ಬದಲಾವಣೆ ಕೇಳಿ ಮಾಡಿಸಿದ್ರಿಂದ ಫ್ರಾನ್ಸ್‌ನ ಎಫ್3-ಆರ್ ಪಟ್ಟಿ ನೋಡಿ ನಮ್ಮದೂ ಅಷ್ಟೇ ಅನ್ನೋಕಾಗಲ್ಲ.

ಹೆಸರೇ ಬದಲಾಗದ ಅಪ್‌ಗ್ರೇಡ್‌ಗಳನ್ನ ಹಿಡಿಯೋದು ಬಹಳ ಕಷ್ಟ, ಆದರೆ ಯುದ್ಧದಲ್ಲಿ ಅವೇ ಕೆಲಸಕ್ಕೆ ಬರೋದು. 1999ರಲ್ಲಿ ಕಾರ್ಗಿಲ್‌ನಲ್ಲಿ ಮಿರಾಜ್ 2000ಎಚ್‌ಗಳಿಗೆ ಗುರಿ ಹಿಡಿಯೋ ಇಸ್ರೇಲ್‌ನ ಲೈಟನಿಂಗ್ ಪಾಡ್ ಯುದ್ಧ ನಡೀತಿದ್ದಂಗೇ ಜೋಡಿಸಿ, ಲೇಸರ್ ಬಾಂಬ್ ಹಾಕೋ ಹಾಗೆ ಮಾಡಿದ್ರು, ಜೂನ್ 24ಕ್ಕೆ ಟೈಗರ್ ಹಿಲ್ ಮೇಲೆ ಹಾಕಿದ್ರು. ವಿಮಾನದ ಹೆಸರು ಎಚ್ ಅಂತಲೇ ಉಳೀತು. ಹೆಸರು ಬದಲಾಗಿದ್ದು 2011ರ ಕಾಂಟ್ರಾಕ್ಟ್ ಆಗಿ, 2015ರಲ್ಲಿ ಮೊದಲ ಎರಡು ವಾಪಸ್ ಬಂದಾಗ, ಮಿರಾಜ್ 2000ಐ ಅಂತ, ಹೊಸ ರೇಡಾರ್, ಮೈಕಾ ಕ್ಷಿಪಣಿ ಸಮೇತ.

ಫೋಟೋ ನೋಡುವಾಗ ಒಂದು ಕ್ರಮ ಇಟ್ಕೊಳ್ಳಿ. ಮೊದಲು ಬಾಲದ ನಂಬರು, ಆಮೇಲೆ ಸೀಟು ಎಷ್ಟು, ಮೂತಿ ಆಕಾರ, ಇಂಧನದ ಕೊಳವೆ, ಬೆನ್ನು. ಬೆನ್ನು ಯಾಕಂದ್ರೆ ಅಪ್‌ಗ್ರೇಡ್‌ನಲ್ಲಿ ಹೊಸ ಇಂಧನನೋ ಡಬ್ಬಗಳೋ ಬಂದ್ರೆ ಜಾಗ ಸಿಗೋದು ಅಲ್ಲೇ. ನಮ್ಮ ಮಿಗ್-29 ಯುಪಿಜಿ ಆದ್ಮೇಲೆ, ಅಂದ್ರೆ ಅಪ್‌ಗ್ರೇಡ್ ಆದ್ಮೇಲೆ, ಬೆನ್ನು ಗೂನು ಬಂದಂಗೆ ಉಬ್ಬಿದೆ ನೋಡಿ, ಹಳೇ ಫೋಟೋ ಪಕ್ಕ ಇಟ್ರೆ ಚಿಕ್ಕ ಮಕ್ಕಳೂ ಹೇಳ್ತಾರೆ. ಫೋಟೋದ ತಾರೀಖು ಕೂಡ ಬರ್ಕೊಳ್ಳಿ, ಅದೇ ನಂಬರ್ ವಿಮಾನ ಎರಡು ವರ್ಷ ಬಿಟ್ಟು ಬೇರೆ ಥರ ಇರಬಹುದು.

ತಾರೀಖಲ್ಲೂ ನಾಲ್ಕು ಥರ ಇದೆ: ಕಾಂಟ್ರಾಕ್ಟ್ ಸೈನ್ ಆದ ದಿನ, ಮೊದಲ ಹಾರಾಟ, ಹಸ್ತಾಂತರ, ಸ್ಕ್ವಾಡ್ರನ್ ಶುರುವಾದ ದಿನ. ಮಾರ್ಕ್-1ಎ ಕಾಂಟ್ರಾಕ್ಟ್ 2021, ಮೊದಲ ಹಾರಾಟ 2024, ಅದಕ್ಕೆ ಆರ್ಡರ್ ಮಾಡಿದ 99 ಎಂಜಿನ್‌ಗಳಲ್ಲಿ ಮೊದಲನೇದು ಬಂದಿದ್ದೇ 2025ರ ಮಾರ್ಚ್‌ನಲ್ಲಿ. ಯಾವ ತಾರೀಖು ಅಂತ ಹೇಳದೇ "ತೇಜಸ್ ಮಾರ್ಕ್-1ಎ ಬಂತು" ಅಂದ್ರೆ ಅರ್ಥನೇ ಇಲ್ಲ. ಇವನ್ನ ಚೆಕ್ ಮಾಡೋಕೆ ಪಿಐಬಿ ಪ್ರಕಟಣೆ, ಲೋಕಸಭೇಲಿ ರಕ್ಷಣಾ ಸಚಿವಾಲಯ ಕೊಡೋ ಲಿಖಿತ ಉತ್ತರ, ಎಚ್‌ಎಎಲ್ ವಾರ್ಷಿಕ ವರದಿ, ಸಿಎಜಿ ವರದಿ ಇವನ್ನೇ ಓದಿ. ತೇಜಸ್ ಮಾರ್ಕ್-1ರ ಕೊರತೆಗಳ ಬಗ್ಗೆ 2015ರ ಸಿಎಜಿ ವರದಿ ಓದಿದ್ರೆ ಮಾರ್ಕ್-1ಎ ಯಾಕೆ ಬೇಕಾಯ್ತು ಅನ್ನೋದು ತಾನಾಗೇ ಗೊತ್ತಾಗತ್ತೆ. ಇಂಗ್ಲಿಷ್ ಕಷ್ಟ ಅನ್ನೋ ಹುಡುಗರು ಹೆದರಬೇಡಿ, ಟೇಬಲ್‌ಗಳಿಂದ ಶುರು ಮಾಡಿ. ಕಣ್ಣಾರೆ ನೋಡೋಕೆ ಬೆಂಗ್ಳೂರಲ್ಲಿ ಎಚ್‌ಎಎಲ್ ಹೆರಿಟೇಜ್ ಸೆಂಟರ್ ಇದೆ, ಮಾರುತ್ ಅಲ್ಲೇ ನಿಂತಿದೆ, ಎರಡು ವರ್ಷಕ್ಕೊಂದ್ಸಲ ಯಲಹಂಕದಲ್ಲಿ ಏರೋ ಇಂಡಿಯಾ ಬರತ್ತೆ. ಹೋಗುವಾಗ ನೋಟ್‌ಬುಕ್ ತಗೊಂಡು ಹೋಗಿ, ಸೆಲ್ಫಿ ಆಮೇಲೆ.

ಅಭ್ಯಾಸಕ್ಕೆ ಸೂಪರ್ ಸುಖೋಯ್, ಅಂದ್ರೆ ನಮ್ಮ ಎಂಕೆಐಗಳ ಅಪ್‌ಗ್ರೇಡ್ ಯೋಜನೆಯ ಸುದ್ದಿ ತಗೊಳ್ಳಿ. ಮೊದಲ ಹಂತದಲ್ಲಿ 84 ವಿಮಾನ ಅಂತ ಹೇಳ್ತಾರೆ, ವಿರೂಪಾಕ್ಷ ಅನ್ನೋ ನಮ್ಮದೇ ಏಸಾ ರೇಡಾರ್ ಬರತ್ತೆ ಅಂತಾರೆ. ಎಂಜಿನ್ ಕಾಲಮ್‌ಗೆ 2024ರ ಸೆಪ್ಟೆಂಬರ್‌ನ ಕಾಂಟ್ರಾಕ್ಟ್ ನೋಡಿ, ಎಚ್‌ಎಎಲ್‌ಗೆ 240 ಎಂಜಿನ್ ಆರ್ಡರ್, 26,000 ಕೋಟಿಗೂ ಮೇಲೆ, ಎಲ್ಲಾ ಈಗಿನ ಎಎಲ್-31ಎಫ್‌ಪಿನೇ. ಅದೇ ವರ್ಷ ಡಿಸೆಂಬರ್‌ನಲ್ಲಿ ಇನ್ನೂ 12 ಹೊಸ ಎಂಕೆಐ ಆರ್ಡರ್ ಆಗಿದೆ, ಅದು ಬೇರೆ ಸಾಲಿಗೆ ಹೋಗ್ಬೇಕು, ಅಪ್‌ಗ್ರೇಡ್ ಸಾಲಿಗಲ್ಲ. ಮೈ, ಎಂಜಿನ್, ರೇಡಾರ್, ಆಯುಧ, ಸಾಫ್ಟ್‌ವೇರ್, ಸಂಖ್ಯೆ, ತಾರೀಖು ಅಂತ ಏಳು ಕಾಲಮ್ ಗೀಚಿ, ಪಕ್ಕಾ ಗೊತ್ತಿರೋದು ಮಾತ್ರ ಪೆನ್‌ನಲ್ಲಿ ತುಂಬಿ, ಸುದ್ದೀಲಿ ಕೇಳಿದ್ದು ಪೆನ್ಸಿಲ್‌ನಲ್ಲಿ ಬರೀರಿ.